ಅತ್ತೆಯನ್ನು ಪಾಳಿ ಹಾಕಿ ನೋಡಿಕೊಂಡೆವು: ನನ್ನ ಅನುಭವ

ನಮ್ಮತ್ತೆಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನಾನು ಮನೆಯವರಿಗೆಲ್ಲ ಪಾಳಿ ಹಾಕಿದೆ. "ಹೆತ್ತ ತಾಯಿನ ನೋಡ್ಕೊಳ್ಳೋಕೂ ಪಾಳಿನಾ? ಇದೇನು ಫ್ಯಾಕ್ಟರಿನಾ?" ಅಂತ ವೇಮಗಲ್ ಕಡೆಯ ನೆಂಟರೆಲ್ಲ ಮುಖ ಸಿಂಡರಿಸಿದರು. ಈಗ ಅತ್ತೆ ಮುದ್ದೆ ನುಂಗುತ್ತಾರೆ. ಎರಡು ಹಸುವೂ ಕೊಟ್ಟಿಗೆಯಲ್ಲೇ ಇವೆ. ಬಡ್ಡಿ ಸಾಲ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಯಾಪ್ಸಿ, ಸ್ಕ್ಯಾನು, ಫೈಲು ಹಿಡಿದು ಓಡಾಡೋದು ಇವೆಲ್ಲ ಈ ಕಷ್ಟದಲ್ಲಿ ಇರುವವರಿಗೆ ಗೊತ್ತೇ ಇರುತ್ತೆ, ಬಿಡಿ. ಅತ್ತೆಗೆ ಕೆನ್ನೆಯ ಒಳಗೆ ಗಡ್ಡೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಮದುವೆಗೂ ಮುಂಚಿನದು. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಆಪರೇಷನ್, ಆಮೇಲೆ ಆರು ವಾರ ಕರೆಂಟು (ರೇಡಿಯೇಷನ್), ಸೋಮವಾರದಿಂದ ಶುಕ್ರವಾರದವರೆಗೆ ದಿನವೂ. ಅದರ ಜೊತೆ ವಾರಕ್ಕೊಂದು ಕೀಮೋ.

ಆಪರೇಷನ್ ದಿನ ಕಾರು ಬಾಡಿಗೆಗೆ ತಗೊಂಡು ಮನೆಮಂದಿಯೆಲ್ಲ ಹೋದೆವು. ಬಾಡಿಗೆಯೇ ನಾಲ್ಕು ಸಾವಿರದ ಹತ್ತಿರ. ಇತ್ತ ಹಸು ಕರೆಯೋರಿಲ್ಲ. ಪಕ್ಕದವರು ಹೊತ್ತು ತಪ್ಪಿಸಿ ಕರೆದು ಒಂದು ಹಸುವಿಗೆ ಕೆಚ್ಚಲು ಬಾವು ಬಂತು, ಆ ಸಲದ ಹಾಲಿನ ಬಟವಾಡೆಯಲ್ಲಿ ಮೂರು ಸಾವಿರ ಕಡಿಮೆ. ಆಮೇಲೆ ದೊಡ್ಡ ವಾರಗಿತ್ತಿ ಒಬ್ಬರೇ ಆಸ್ಪತ್ರೆಯಲ್ಲಿ ಉಳಿದರು. ನಿದ್ದೆ ಇಲ್ಲ, ಊಟ ಅಂದರೆ ಬನ್ನು, ಟೀ. ಎರಡನೇ ವಾರಕ್ಕೆ ಅವರೇ ತಲೆ ಸುತ್ತಿ ಬಿದ್ದರು. ಕೂಲಿಗೆ ಒಬ್ಬ ಹೆಂಗಸನ್ನು ಇಟ್ಟೆವು, ದಿನಕ್ಕೆ ಎಂಟುನೂರು. ಆಕೆ ವಾರವೂ ನಿಲ್ಲಲಿಲ್ಲ.

ಆಗ ನಾನು ಲೆಕ್ಕಕ್ಕೆ ಕೂತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಅತ್ತೆಗೂ ಫ್ರೀ, ಜೊತೆಗೆ ಹೋಗುವ ನಮಗೂ ಫ್ರೀ. ಹಾಗಾದರೆ ಹೆಂಗಸರು ಬಸ್ಸು ಹತ್ತಬೇಕು, ಗಂಡಸರು ಕೊಟ್ಟಿಗೆ ಮತ್ತು ಒಲೆ ನೋಡಬೇಕು. ನಾನು, ವಾರಗಿತ್ತಿ, ನಾದಿನಿ ಬೆಂಗಳೂರಿಗೆ. ನಮ್ಮ ಯಜಮಾನರು, ಭಾವ ಹಾಲು ಕರೆದು ಡೈರಿಗೆ ಹಾಕೋದು, ಮಕ್ಕಳಿಗೆ ಅಡುಗೆ ಮಾಡೋದು. ನೆಂಟರ ಫೋನಿಗೆಲ್ಲ ಮಾವ ಒಬ್ಬರೇ ಉತ್ತರ ಕೊಡೋದು. ಜಮೀನು ಭಾಗದ ಮಾತಲ್ಲಿ ಮುನಿಸಿಕೊಂಡಿದ್ದ ಭಾವ ಕೊಟ್ಟಿಗೆ ಪಾಳಿಗೆ ಹೇಗೆ ಒಪ್ಪಿದರು ಅನ್ನೋದನ್ನು ಬರೆಯಲ್ಲ, ಅದು ಮನೆಯೊಳಗಿನ ಮಾತು.

ಮೂರು ರಾತ್ರಿಗಿಂತ ಜಾಸ್ತಿ ಯಾರೂ ಆಸ್ಪತ್ರೆಯಲ್ಲಿ ಇರಬಾರದು. ಊರಿಗೆ ಬಂದವರು ಮೊದಲ ದಿನ ಮಲಗಬೇಕು, ಪೊರಕೆ ಮುಟ್ಟಬಾರದು. ಇದನ್ನು ಮಾತ್ರ ನಾನು ಸಡಿಲ ಬಿಡಲಿಲ್ಲ. ಪಟ್ಟಿಯನ್ನು ಮೊದಲು ಅತ್ತೆಗೆ ತೋರಿಸುತ್ತಿದ್ದೆ. ಮಾತು ಬಾರದ ದಿನಗಳಲ್ಲೂ ಅವರು ಬೆರಳಿಟ್ಟು ತೋರಿಸಿದರು: ಸ್ನಾನಕ್ಕೆ ಮಗಳೇ ಬೇಕು, ಡಾಕ್ಟರ ಹತ್ತಿರ ಮಾತಿಗೆ ನಾನೇ ಬೇಕು.

ಕೈಗೆ ಕೈ ಬದಲಾಗುವಾಗ ಒಂದು ನೋಟ್‌ಬುಕ್ ಬದಲಾಗಬೇಕು. ನಾದಿನಿ ಬರೆದ ಒಂದು ಪುಟ ಹೀಗಿದೆ: "ಬೆಳಗ್ಗೆ 6, ಗಂಜಿ 200, ನೀರು 30. ನೋವಿನ ಔಷಧಿ ಆಯ್ತು. ಉಗುಳಲ್ಲಿ ಚೂರು ರಕ್ತ, ಸಿಸ್ಟರ್‌ಗೆ ಹೇಳಿದೆ. ಅಮ್ಮ ಕರು ಹೇಗಿದೆ ಅಂತ ಕೇಳಿತು." ರೌಂಡ್ಸಿಗೆ ಬಂದ ಡಾಕ್ಟರು ಆಮೇಲಾಮೇಲೆ "ಎಲ್ಲಿ ನಿಮ್ಮ ಪುಸ್ತಕ?" ಅಂತ ತಾವೇ ಕೇಳುತ್ತಿದ್ದರು.

ಕರೆಂಟು ಶುರುವಾಗಿ ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು. ಆಹಾರ ಹೋಗಲಿ ಅಂತ ಮೂಗಿಗೆ ಮತ್ತೆ ಪೈಪು ಹಾಕಿದರು. ಅದರಲ್ಲಿ ಬಿಡುವ ಡಬ್ಬಿ ಪೌಡರು ಒಂದಕ್ಕೆ ಏಳುನೂರು, ಮೂರು ದಿನಕ್ಕೆ ಖಾಲಿ. ಡಯಟಿಷಿಯನ್ನರನ್ನು ಕೇಳಿ ರಾಗಿಗೆ ಇಳಿದೆ. ಸಾದಾ ರಾಗಿ ಗಂಜಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತೆ. ತೆಳ್ಳಗೆ ಮಾಡಿದರೆ ಬರೀ ನೀರು, ಶಕ್ತಿ ಎಲ್ಲಿಂದ ಬರಬೇಕು? ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಾಗಲ್ಲ. ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ತೆಳ್ಳಗೇ ಇರುತ್ತೆ. ಹಾಲು ಬೆರೆಸಿ, ಬಿಳಿ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಹಾಕುವ ಮುಂಚೆ ಮೂಗಿನ ಹತ್ತಿರ ಪೈಪಿನ ಗುರುತು ಸರಿದಿಲ್ಲ ಅಂತ ನೋಡಬೇಕು. ಒರಗಿಸಿ ಕೂರಿಸಿ, ನಿಧಾನವಾಗಿ ಬಿಟ್ಟು, ಕೊನೆಗೆ ನೀರು ಹಾಯಿಸಿ, ಅರ್ಧ ಗಂಟೆ ಮಲಗಿಸಬಾರದು. ಮೊಳಕೆ ರಾಗಿಯನ್ನು ಹುರಿಯುವ ಹದ ಒಂದಿದೆ, ಅದು ನನ್ನ ಕೈಗೇ ಇರಲಿ. ಆರು ವಾರಕ್ಕೆ ಅತ್ತೆ ಇಳಿದದ್ದು ಮೂರು ಕೆಜಿ ಅಷ್ಟೇ. ಅಕ್ಕಪಕ್ಕದ ಬೆಡ್ಡಿನವರು ಹತ್ತು ಹತ್ತು ಕೆಜಿ ಇಳಿದಿದ್ದರು.

ದವಡೆ ಬಿಗಿದು ಬಾಯಿ ತೆರೆಯೋಕಾಗದೆ ಹೋಗದಿರಲಿ ಅಂತ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಡೋ ವ್ಯಾಯಾಮ ಹೇಳಿಕೊಡುತ್ತಾರೆ. ಅತ್ತೆ ಒಬ್ಬರೇ ಕೂತರೆ ಮಾಡುತ್ತಿರಲಿಲ್ಲ. ಶನಿವಾರ ಭಾನುವಾರ ಊರಿಗೆ ಬಂದಾಗ ನನ್ನ ಮಗಳ ಕೈಗೆ ಕಡ್ಡಿ ಕೊಟ್ಟೆ. ಮೊಮ್ಮಗಳು ಎಣಿಸಿದರೆ ಅತ್ತೆ ಇನ್ನೊಂದು ಹಿಡಿಸಿ ತೋರಿಸುತ್ತಿದ್ದರು. ಏಳೆಂಟರಿಂದ ಶುರುವಾಗಿ ಹದಿನೇಳು, ಹದಿನೆಂಟಕ್ಕೆ ಬಂತು. ಪುದೀನ ನೀರು, ಎಳನೀರು ಅಂತ ಒಣಗಿದ ಬಾಯಿಗೆ ಏನೇನೋ ನೋಡಿದೆ. ಕೊನೆಗೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಮುಕ್ಕಳಿಸೋದೇ ಗೆದ್ದಿತು.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಆಪರೇಷನ್, ಕರೆಂಟು, ಕೀಮೋ ಅದರಲ್ಲೇ ಮುಗಿದವು. ಕೈಯಿಂದ ಹೋದದ್ದು ಒಂದು ಲಕ್ಷದ ಆಸುಪಾಸು. ಅದರಲ್ಲಿ ಅರ್ಧಕ್ಕೂ ಜಾಸ್ತಿ ಪಾಳಿ ಹಾಕುವ ಮುಂಚೆಯೇ ಕಾರು, ರೂಮು, ಕೂಲಿ, ಡಬ್ಬಿ ಅಂತ ಹೋಗಿತ್ತು. ಉಳಿದದ್ದನ್ನು ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆ ಎಳೆಯಿತು. ಹಸು ಮಾರಿ ಅಂತ ಹೇಳಿದವರೇ ಜಾಸ್ತಿ. ಮಾರಿದ್ದರೆ ಈ ದುಡ್ಡೂ ಇಲ್ಲ, ಗಂಜಿಗೆ ಹಾಲೂ ಇಲ್ಲ.

ಈಗ ಎರಡು ತಿಂಗಳಿಗೊಮ್ಮೆ ಚೆಕಪ್ಪು. ಅದಕ್ಕೂ ಪಾಳಿ ಇದೆ. ಮೊನ್ನೆ ಮಾಲೂರಿನಿಂದ ವಾರಗಿತ್ತಿಯ ತಮ್ಮ ಬಂದು ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದುಕೊಂಡು ಹೋದರು. ಅವರ ತಂದೆಗೆ ಸೋಮವಾರದಿಂದ ಕರೆಂಟು ಶುರು. ಎರಡು ಸೇರು ರಾಗಿ ಮೊಳಕೆಗೆ ಕಟ್ಟಿದ್ದೇನೆ, ಭಾನುವಾರದೊಳಗೆ ಬೀಸಿ ಕಳಿಸಬೇಕು.