ಬಾತ್‌ರೂಮಲ್ಲೇ ಡಾರ್ಕ್‌ರೂಮ್: ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್ ನೀವೇ ಮಾಡ್ಕೊಳ್ಳಿ

ಫಿಲ್ಮ್ ಕ್ಯಾಮೆರಾ ಹಿಡ್ಕೊಂಡು ಓಡಾಡೋ ಹುಡುಗ್ರು ಈಗ ಮತ್ತೆ ಕಾಣ್ತಿದಾರೆ, ಖುಷಿನೇ. ಆದ್ರೆ ರೋಲ್ ಲ್ಯಾಬಿಗೆ ಕೊಟ್ಟು, ಸ್ಕ್ಯಾನ್ ಫೋನಿಗೆ ತರಿಸ್ಕೊಂಡು ಅಲ್ಲಿಗೇ ಕೈ ತೊಳ್ಕೊಂಡ್ಬಿಡ್ತಾರಲ್ಲ, ಅದು ನಂಗೆ ಹಿಡಿಸಲ್ಲ. ಅರ್ಧ ಮಜಾ ಇರೋದೇ ಪ್ರಿಂಟ್ ಮಾಡೋದ್ರಲ್ಲಿ. ಅದಕ್ಕೆ ಬೇರೆ ರೂಮೇನೂ ಬೇಡ, ರಾತ್ರಿ ಮನೆಯವ್ರು ಮಲಗಿದ್ಮೇಲೆ ಬಾತ್‌ರೂಮ್ ಸಾಕು.

ಮೊದ್ಲು ಕತ್ತಲೆ. ವೆಂಟಿಲೇಟರಿಗೆ ಕಪ್ಪು ರೆಕ್ಸಿನ್ ಅಂಟ್ಸಿ, ಬಾಗಿಲ ಸಂದಿಗೆ ಹಳೇ ಟವೆಲ್ ತುರುಕಿ, ಲೈಟ್ ಆರ್ಸಿ ಒಂದು 10 ನಿಮಿಷ ಸುಮ್ನೆ ಕೂತ್ಕೊಳ್ಳಿ. ಕಣ್ಣು ಹೊಂದ್ಕೊಂಡ್ಮೇಲೆ ಎದುರಿಗೆ ಹಿಡಿದ ಬಿಳಿ ಹಾಳೆ ಕಾಣಿಸ್ತು ಅಂದ್ರೆ ಇನ್ನೂ ಎಲ್ಲೋ ಬೆಳಕು ನುಗ್ತಿದೆ.

ನೆಗೆಟಿವ್ ಮೂಲಕ ಬೆಳಕು ಬಿಟ್ಟು ಚಿತ್ರಾನ ಪೇಪರ್ ಮೇಲೆ ದೊಡ್ಡದಾಗಿ ಬೀಳ್ಸೋ ಎನ್‌ಲಾರ್ಜರ್ ಹೊಸದು ಹುಡುಕಬೇಡಿ, ಬಾಗಿಲು ಹಾಕಿರೋ ಹಳೇ ಸ್ಟುಡಿಯೋಗಳ ಅಟ್ಟದ ಮೇಲೆ ಧೂಳು ತಿಂತಾ ಕೂತಿರ್ತವೆ, ಕೇಳಿ ನೋಡಿ. ಲೆನ್ಸಿಗೆ ಟಾರ್ಚ್ ಬಿಟ್ಟು ಫಂಗಸ್ ಇದ್ಯಾ ನೋಡ್ಕೊಳ್ಳಿ, ಕರಾವಳಿ ಮಲೆನಾಡು ಕಡೇದಾದ್ರೆ ಇನ್ನೂ ಹುಷಾರು. 35 ಎಂಎಂ ನೆಗೆಟಿವಿಗೆ 50 ಎಂಎಂ ಲೆನ್ಸ್ ಬೇಕು. ಅದೇ ಅಟ್ಟದಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಬ್ರಾಂಡಿನ ಫೋಟೋ ಪೇಪರ್ ಡಬ್ಬಿನೂ ಸಿಗಬಹುದು, ಆಸೆ ಪಡಬೇಡಿ, ಅಷ್ಟು ಹಳೇ ಪೇಪರ್ ಮಬ್ಬಾಗಿ (ಫಾಗ್ ಆಗಿ) ಬಿಳಿ ಇರಬೇಕಾದ ಜಾಗವೆಲ್ಲ ಬೂದಿ ಬೂದಿ ಬರುತ್ತೆ.

ಫಿಲ್ಮ್ ಡೆವಲಪ್ ಮಾಡೋ ವಿಧಾನ ಎಲ್ಲಾ ಕಡೆ ಸಿಗುತ್ತೆ, ನಾನು ಹೇಳೋದು ನಮ್ಮ ಸೆಕೆ ಬಗ್ಗೆ ಅಷ್ಟೇ. ಎಷ್ಟು ನಿಮಿಷ ಡೆವಲಪ್ ಮಾಡ್ಬೇಕು ಅನ್ನೋ ಚಾರ್ಟೆಲ್ಲ 20 ಡಿಗ್ರಿಗೆ ಬರ್ದಿರ್ತಾರೆ, ಏಪ್ರಿಲಲ್ಲಿ ಬೆಂಗಳೂರಿನ ಓವರ್‌ಹೆಡ್ ಟ್ಯಾಂಕ್ ನೀರು ಆ ಕಡೆ ತಲೇನೂ ಹಾಕಲ್ಲ. ಫಿಲ್ಮ್ ಹಾಕೋ ಡೆವಲಪಿಂಗ್ ಟ್ಯಾಂಕ್, ಕೆಮಿಕಲ್ ಎರಡನ್ನೂ ಐಸ್ ಹಾಕಿರೋ ನೀರಿನ ಟಬ್ಬಲ್ಲಿಟ್ಟು 24ಕ್ಕೆ ತಂದ್ರೂ ಸಾಕು, ಒಂದು ಡಿಗ್ರಿ ಜಾಸ್ತಿ ಆದ್ರೆ ಟೈಮು ಹತ್ತಿರತ್ತಿರ 10% ಕಮ್ಮಿ ಮಾಡಿ. ಇಲ್ಫೋರ್ಡ್ ಎಚ್‌ಪಿ5 ಫಿಲ್ಮ್ ಡಿ-76 ಅನ್ನೋ ಡೆವಲಪರಲ್ಲಿ ನೀರು ಬೆರೆಸದೇ ಮಾಡಿದ್ರೆ 20 ಡಿಗ್ರಿಗೆ ಏಳೂವರೆ ನಿಮಿಷ, 24ಕ್ಕೆ ಅದು 5ಕ್ಕೆ ಇಳಿಯುತ್ತೆ, ಅಷ್ಟು ಕಮ್ಮಿ ಟೈಮಲ್ಲಿ ಡೆವಲಪ್ ಒಂದೇ ಸಮ ಆಗದೇ ಪಟ್ಟೆ ಬರೋ ಭಯ ಇರುತ್ತೆ. ಅದಕ್ಕೇ ಸಮಪಾಲು ನೀರು ಬೆರೆಸಿ, 20 ಡಿಗ್ರಿಗೆ 11 ನಿಮಿಷ ಇರೋದು 24ಕ್ಕೆ 7 ಚಿಲ್ಲರೆಗೆ ಬಂದು ನಿಲ್ಲುತ್ತೆ. ಇನ್ನೊಂದು, ಮಳೆಗಾಲದಲ್ಲಿ ಟ್ಯಾಂಕ್ ಒಳಗೆ ಫಿಲ್ಮ್ ಸುತ್ತೋ ರೀಲ್ ಚೂರು ತೇವ ಇದ್ರೂ ಫಿಲ್ಮ್ ಮಧ್ಯದಲ್ಲೇ ಕಚ್ಕೊಂಡು ಮುಂದಕ್ಕೆ ಹೋಗಲ್ಲ, ಹೇರ್ ಡ್ರೈಯರ್ ಹಿಡಿದು ಒಣಗ್ಸಿಟ್ಕೊಳ್ಳಿ.

ಈಗ ಪ್ರಿಂಟ್. ಕಮೋಡ್ ಮೇಲೆ ಗಟ್ಟಿ ಹಲಗೆ, ಅದರ ಮೇಲೆ ಎನ್‌ಲಾರ್ಜರ್. ನೆಲದ ಮೇಲೆ ಸಾಲಾಗಿ ಮೂರು ಟ್ರೇ: ಚಿತ್ರ ಮೂಡಿಸೋ ಡೆವಲಪರ್, ಅದನ್ನ ಅಲ್ಲಿಗೇ ನಿಲ್ಸೋ ಸ್ಟಾಪ್, ಚಿತ್ರ ಬೆಳಕಿಗೆ ಕೆಡದ ಹಾಗೆ ಮಾಡೋ ಫಿಕ್ಸರ್. ಸ್ಟಾಪ್ ಬಾತಿಗೆ ದಿನಸಿ ಅಂಗಡಿ ಬಿಳಿ ವಿನೆಗರ್ ಒಂದು ಪಾಲು, ನೀರು ಮೂರು ಪಾಲು, ನಡೆಯುತ್ತೆ. ಫೋಟೋ ಪೇಪರಿಗೆ ತಾಗದ ಬೆಳಕು ಅಂತ ಕೆಂಪು ಬಲ್ಬ್ ಹಾಕ್ತೀರಲ್ಲ, ಅದನ್ನ ನಂಬೋಕ್ಮುಂಚೆ ಒಂದು ತುಂಡು ಫೋಟೋ ಪೇಪರ್ ಮೇಲೆ ನಾಣ್ಯ ಇಟ್ಟು 5 ನಿಮಿಷ ಆ ಬೆಳಕಲ್ಲೇ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುಂಡು ಗುರುತು ಮೂಡ್ತು ಅಂದ್ರೆ ಬಲ್ಬ್ ಬದಲಾಯ್ಸಿ.

ನೆಗೆಟಿವನ್ನ ಎಮಲ್ಷನ್ (ಹೊಳಪಿಲ್ಲದ ಬದಿ) ಕೆಳಕ್ಕಿರೋ ಹಾಗೆ ಹಾಕಿ, ಫೋಕಸ್ ಮಾಡಿ, ಲೆನ್ಸ್ ಎಫ್/8ಕ್ಕೆ ಇಳ್ಸಿ, ಕಾಂಟ್ರಾಸ್ಟ್, ಅಂದ್ರೆ ಕಪ್ಪು ಬಿಳುಪಿನ ಅಂತರ, ಹೆಚ್ಚು ಕಮ್ಮಿ ಮಾಡೋ ಫಿಲ್ಟರುಗಳಲ್ಲಿ ಗ್ರೇಡ್ 2ರದ್ದು ಹಾಕಿ. ತಕ್ಷಣ ಪೂರ್ತಿ ಹಾಳೆ ಹಾಕೋ ಆಸೆ ಬರುತ್ತೆ, ತಡ್ಕೊಳ್ಳಿ, ಮೊದ್ಲು ಎಷ್ಟು ಸೆಕೆಂಡು ಬೆಳಕು ಬೇಕು ಅಂತ ನೋಡೋಕೆ ಟೆಸ್ಟ್ ಸ್ಟ್ರಿಪ್. ಪೇಪರಿಂದ ಒಂದು ಪಟ್ಟಿ ಕತ್ತರಿಸಿ, ಮುಖ್ಯವಾದ ಜಾಗದ ಮೇಲೇ ಇಟ್ಟು, ರಟ್ಟಲ್ಲಿ ಮುಚ್ಚಿ 3 ಸೆಕೆಂಡಿಗೊಂದ್ಸಲ ಸರಿಸ್ತಾ ಹೋದ್ರೆ 3, 6, 9, 12, 15 ಅಂತ ಐದು ಮೆಟ್ಟಿಲು ಬರುತ್ತೆ. ಡೆವಲಪರಲ್ಲಿ ಪೂರ್ತಿ ಒಂದು ನಿಮಿಷ ಇರ್ಲಿ, ಕೆಂಪು ಬೆಳಕಲ್ಲಿ ಎಲ್ಲಾ ಕಪ್ಪಗೆ ಕಾಣುತ್ತೆ ಅಂತ ಗಾಬರಿಬಿದ್ದು ಅರ್ಧಕ್ಕೇ ಎತ್ತಿದ್ರೆ ಮಣ್ಣುಮಣ್ಣಾಗಿ ಬರುತ್ತೆ. ಫಿಕ್ಸ್ ಆದ್ಮೇಲೆ ಬಿಳಿ ಲೈಟ್ ಹಾಕಿ ನೋಡಿ.

ನೋಡೋದು ಹೇಗೆ ಅನ್ನೋದೇ ವಿದ್ಯೆ. ಜಗಲಿ ಮೇಲೆ ಬಿಳಿ ಪಂಚೆ ಉಟ್ಟು, ಪಕ್ಕದಲ್ಲಿ ಕಪ್ಪು ಛತ್ರಿ ಒರಗಿಸ್ಕೊಂಡು ಕೂತಿರೋ ತಾತನ ಫೋಟೋ ಅಂದ್ಕೊಳ್ಳಿ. ಛತ್ರಿ ಕಡೆ ಈಗ್ಲೇ ನೋಡ್ಬೇಡಿ. 6ರಲ್ಲಿ ಪಂಚೆ ಬರೀ ಪೇಪರ್ ಬಿಳಿ, 12ರಲ್ಲಿ ಕೊಳೆ ಬಟ್ಟೆ, 9ರಲ್ಲಿ ನೆರಿಗೆ ಒಂದೊಂದೂ ಕಾಣ್ತಿದ್ರೆ ಟೈಮು 9. ಅದು ಸಿಕ್ಕಿದ್ಮೇಲೆ ಛತ್ರಿ: ಬೂದುಬಣ್ಣಕ್ಕೆ ಪೇಲವ ಇದ್ರೆ ಫಿಲ್ಟರ್ 3ಕ್ಕೆ ಏರ್ಸಿ, ಮಸಿ ಮೆತ್ತಿದಂಗೆ ಕಡ್ಡಿಗಳೂ ಕಾಣ್ತಿಲ್ಲ ಅಂದ್ರೆ 1ಕ್ಕೆ ಇಳ್ಸಿ. ಬಿಳಿಗೆ ಟೈಮು, ಕಪ್ಪಿಗೆ ಫಿಲ್ಟರು, ಇದೇ ಕ್ರಮ. ಫಿಲ್ಟರ್ ಬದಲಾಯ್ಸಿದ್ರೆ ಇನ್ನೊಂದು ಸ್ಟ್ರಿಪ್ ಹಾಕಿ ಖಾತ್ರಿ ಮಾಡ್ಕೊಳ್ಳಿ, 4, 5ನೇ ಫಿಲ್ಟರಿಗೆ ಟೈಮು ಡಬಲ್ ಬೇಕು. ಮೈಸೂರಿನ ಫೋಟೋ ಜರ್ನಲಿಸ್ಟ್ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಫೋಟೋಗಳು ಎಲ್ಲಾದ್ರೂ ಪ್ರದರ್ಶನದಲ್ಲಿ ಸಿಕ್ರೆ ಹತ್ರ ಹೋಗಿ ಬಿಳಿ ಎಲ್ಲಿಗೆ ನಿಂತಿದೆ ಅಂತ ಗಮನಿಸಿ, ಕಣ್ಣು ಪಳಗುತ್ತೆ.

ಶುರುವಿಗೆ ಪ್ಲಾಸ್ಟಿಕ್ ಲೇಪನದ ಆರ್‌ಸಿ ಪೇಪರೇ ಸಾಕು, 2 ನಿಮಿಷ ಹರಿಯೋ ನೀರಲ್ಲಿ ತೊಳೆದ್ರೆ ಮುಗೀತು, ಆ ಲೇಪನ ಇಲ್ಲದ ಫೈಬರ್ ಪೇಪರಾದ್ರೆ ಗಂಟೆಗಟ್ಲೆ ನೀರು ಬಿಡಬೇಕು, ಟ್ಯಾಂಕರ್ ತರಿಸೋ ಏರಿಯಾದಲ್ಲಿ ಅದೆಲ್ಲ ಆಗದ ಮಾತು. ಪ್ರಿಂಟಿನ ಹಿಂಬದಿಗೆ ಪೆನ್ಸಿಲಲ್ಲಿ ಸೆಕೆಂಡು, ಫಿಲ್ಟರು ಬರೆದಿಡಿ.

ಹಳೇ ಫಿಕ್ಸರಲ್ಲಿ ಬೆಳ್ಳಿ ಕರಗಿರುತ್ತೆ, ಗಿಡಕ್ಕೋ ಮೋರಿಗೋ ಸುರೀಬೇಡಿ, ಕ್ಯಾನಲ್ಲಿ ತುಂಬಿಟ್ಟು ಎಕ್ಸ್‌ರೇ ಫಿಕ್ಸರಿಂದ ಬೆಳ್ಳಿ ತೆಗೆಯೋರು ಇರ್ತಾರೆ, ಅವರಿಗೆ ಕೊಡಿ. ಬಾಟ್ಲಿ ಮೇಲೆ ಹೆಸರು ತಾರೀಖು ದಪ್ಪ ಅಕ್ಷರದಲ್ಲಿ ಇರ್ಲಿ, ಮತ್ತೆ ಜ್ಯೂಸ್ ಬಾಟ್ಲಿಗಂತೂ ಯಾವ ಕೆಮಿಕಲ್ಲೂ ಹಾಕ್ಬೇಡಿ, ಮನೇಲಿ ಮಕ್ಕಳು ಇಲ್ದಿದ್ರೂ ಸರಿ.