ಸಿನಿಮಾದ ಸಾಮಾನಿನ ಮ್ಯೂಸಿಯಂಗೆ ನಾವು ಹೂಂ ಅಂದದ್ದು ಹೇಗೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಅಜ್ಜ ತೀರಿಕೊಂಡ ಮೇಲೆ ಅವರ ಪುಸ್ತಕಗಳ ಕಾಗದಪತ್ರ ನೋಡುವ ಕೆಲಸ ನನಗೆ ಬಂತು. ಮರುಮುದ್ರಣಕ್ಕೆ ಸಹಿ, ನಾಟಕ ಆಡೋಕೆ ಅನುಮತಿ, ಇಂಥವೇ ಜಾಸ್ತಿ. ಆಮೇಲೆ ಬೇರೆ ಥರದ ಒಂದು ಕೇಳಿಕೆ ಬಂತು. ಅಜ್ಜನ ಕಾದಂಬರಿ ಸಿನಿಮಾ ಆಗಿತ್ತಲ್ಲ, ಅದರಲ್ಲಿ ಬಳಸಿದ ಸಾಮಾನು ಇಟ್ಟು ಬಾದಾಮಿ ಕಡೆ ಮ್ಯೂಸಿಯಂ ಮಾಡ್ತೀವಿ, ಮನೆಯವರು ಒಪ್ಪಬೇಕು ಅಂತ. ಕೇಳಿದವರು ಆ ಚಿತ್ರದ ಕಲಾ ವಿಭಾಗದಲ್ಲಿ ದುಡಿದವರು. ಚಕ್ಕಡಿ, ಲಾಟೀನು, ಕೌದಿ, ಇಳಕಲ್ ಸೀರೆ, ಮಾಸ್ತರರ ಮೇಜು, ಎಲ್ಲ ಜೋಪಾನ ಮಾಡಿದ್ದರು.

ಕಾಕಾ ಕೇಳಿದ ಕೂಡಲೇ ಬೇಡ ಅಂದರು. "ಅಪ್ಪ ಬರೆದದ್ದು ಪುಸ್ತಕದಾಗ ಐತಿ. ಆ ಲಾಟೀನಿನಾಗ ಏನೈತಿ?"

ಬೇಕೋ ಬೇಡವೋ ಆಮೇಲೆ, ಮೊದಲು ಯಾವುದು ಯಾರದು ನೋಡೋಣ ಅಂತ ನಾನು ಹಳೇ ಕರಾರುಪತ್ರ ತೆಗೆದೆ. ಒಂದು ಕನ್ನಡ ಸಿನಿಮಾ ಮಾಡೋಕೆ ಹಕ್ಕು ಕೊಟ್ಟಿದೆ ಅಂತಷ್ಟೇ ಇತ್ತು. ಸಾಮಾನು, ಪ್ರದರ್ಶನ, ಗೊಂಬೆ, ಯಾವುದರ ಮಾತೂ ಇಲ್ಲ. ಇದು ನಮ್ಮ ಪುಣ್ಯ. 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ 1969ರಲ್ಲಿ ಸಿನಿಮಾ ಹಕ್ಕಿನ ಜೊತೆ ಸರಕು ಮಾರುವ ಹಕ್ಕನ್ನೂ ಕೊಟ್ಟುಬಿಟ್ಟಿದ್ದರು. ಆಮೇಲೆ ಬಂದ ಸಿನಿಮಾಗಳು ಮಗ ಕ್ರಿಸ್ಟೋಫರ್‌ಗೆ ಹಿಡಿಸಲಿಲ್ಲ, ಆದರೆ ತಡೆಯುವ ಅಧಿಕಾರ ಅವರ ಕೈಯಲ್ಲಿರಲಿಲ್ಲ.

ಆದರೂ ನಮ್ಮ ಕೈಯಲ್ಲಿ ಇದ್ದದ್ದು ಕಾಕಾ ಅಂದುಕೊಂಡಷ್ಟಲ್ಲ. ಚಕ್ಕಡಿ, ಲಾಟೀನು ನಮ್ಮವಲ್ಲ, ಇಟ್ಟುಕೊಂಡವರವು. ಚಿತ್ರದ ತುಣುಕು ತೋರಿಸಬೇಕಂದ್ರೆ ನಿರ್ಮಾಪಕರನ್ನ ಕೇಳಬೇಕು. ಕಾದಂಬರಿಯ ಹೆಸರನ್ನಾದರೂ ಬೋರ್ಡಿಗೆ ಹಾಕದಂತೆ ತಡೀಬಹುದಾ ಅಂದ್ರೆ, ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ನಮ್ಮದು ಅಂತ ಉಳಿದದ್ದು ಅಜ್ಜನ ವಾಕ್ಯಗಳು. ಅವರು ತೀರಿದ ಮರುವರ್ಷದಿಂದ 60 ವರ್ಷ ಅವು ವಾರಸುದಾರರವು. ಬರಹವನ್ನ ತಿರುಚಿ ಅವರ ಮರ್ಯಾದೆ ಕಳೆದರೆ ಕಾಪಿರೈಟ್ ಕಾಯ್ದೆಯ 57ನೇ ಕಲಮಿನ ಪ್ರಕಾರ ಕೇಳುವ ಹಕ್ಕೂ ಇದೆ. ಅಂದರೆ ನಾವು ಬೇಡ ಅಂದರೂ ಅವರು ಲಾಟೀನು ತೂಗುಹಾಕಬಹುದು. ಗೋಡೆ ಮೇಲೆ ಕಾದಂಬರಿಯ ಪುಟ ಬರೆಸೋಕೆ ಮಾತ್ರ ನಮ್ಮನ್ನ ಕೇಳಲೇಬೇಕು. ಹಟ ಮಾಡಿದರೆ ಅಜ್ಜನ ಮಾತೇ ಇಲ್ಲದ ಮ್ಯೂಸಿಯಂ ಆಗುತ್ತೆ, ಅಲ್ವಾ? ಇದನ್ನ ಕೇಳಿದ ಮೇಲೆ ಕಾಕಾ ಸ್ವಲ್ಪ ಮೆತ್ತಗಾದರು.

ನಿಜವಾದ ಜಗ್ಗಾಟ ಶುರುವಾದದ್ದು ಮೇಜಿನ ವಿಷಯಕ್ಕೆ. ಕಥೆಯ ಮಾಸ್ತರರು ಬರೀತಾ ಕೂರುವ ಮೇಜದು. ಅದರ ಮೇಲೆ ಅಜ್ಜನ ನಿಜವಾದ ಚಷ್ಮಾ, ಪೆನ್ನು ಇಡೋಣ, ಜನ ನಿಂತು ನೋಡ್ತಾರೆ ಅಂತ ಮ್ಯೂಸಿಯಂ ಮಾಡುವವರು ಅಂದರು. ನಾನು ಖಡಾಖಂಡಿತವಾಗಿ ಆಗಲ್ಲ ಅಂದೆ. ಬಡಗಿಯಿಂದ ಮಾಡಿಸಿ, ಬಣ್ಣ ಬಳಿದು ಹಳತು ಮಾಡಿದ ಮೇಜು ಅದು. ಅದರ ಮೇಲೆ ಚಷ್ಮಾ ಕೂತರೆ ಅಜ್ಜ ಅಲ್ಲೇ ಬರೀತಿದ್ದರು ಅಂತ ಶಾಲೆ ಮಕ್ಕಳು ನಂಬ್ತಾರೆ. ಅವರು ಬರೆದದ್ದೆಲ್ಲ ಹಳೇ ಬಾಗಲಕೋಟೆಯ ಮನೆಯಲ್ಲಿ, ಚಾಪೆ ಮೇಲೆ ಕೂತು, ತೊಡೆ ಮೇಲೆ ಹಲಗೆ ಇಟ್ಟುಕೊಂಡು. ಆ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಇರುವ ನಾಲ್ಕು ವಸ್ತುವನ್ನ ಸೆಟ್ಟಿನ ಸಾಮಾನಿನ ಜೊತೆ ಬೆರೆಸೋಕೆ ನನಗೆ ಮನಸ್ಸು ಬರಲಿಲ್ಲ. "ನಿಮ್ಮ ಕೆಲಸ ಚೆನ್ನಾಗಿದೆ ರೀ, ಅದನ್ನ ನಿಮ್ಮ ಕೆಲಸ ಅಂತಲೇ ತೋರಿಸ್ರಿ" ಅಂದೆ. ಅವರ ಮುಖ ಅರಳಿತು. ಇಷ್ಟು ವರ್ಷ ಅವರ ಹೆಸರನ್ನ ಯಾರೂ ಕೇಳಿರಲಿಲ್ಲವಂತೆ.

ಅಜ್ಜ ವಿಲ್ ಬರೆದಿರಲಿಲ್ಲ, ಹಾಗಾಗಿ ಎಲ್ಲ ವಾರಸುದಾರರ ಸಹಿ ಹಾಕಿಸಿದೆ. ಒಪ್ಪಿಗೆ ಮೂರು ವರ್ಷಕ್ಕೆ ಅಂತ ಸ್ಪಷ್ಟವಾಗಿ ಬರೆಸಿದೆ. ಪ್ರತಿ ವಸ್ತುವಿನ ಚೀಟಿಯಲ್ಲಿ "ಸಿನಿಮಾಕ್ಕಾಗಿ ಮಾಡಿದ್ದು" ಅಂತ ಇರಬೇಕು, ಮಾಡಿದವರ ಹೆಸರೂ ಇರಬೇಕು. ಗೋಡೆಗೆ ಯಾವ ಪುಟ ಅನ್ನೋದು ನಾವು ಆರಿಸಿದ್ದು. ಟಿಕೆಟ್ ಹಣದಲ್ಲಿ ಪಾಲು ಕೇಳಲಿಲ್ಲ. ಬಾಗಿಲ ಹತ್ತಿರ ಕಾದಂಬರಿ ಮಾರಾಟಕ್ಕೆ ಇಡಬೇಕು ಅಂದೆವು, ಅದಕ್ಕೆ ಕೂಡಲೇ ಒಪ್ಪಿದರು. ಕಾಕಾ ಸಹಿ ಹಾಕೋ ಮೊದಲು ಕರಾರನ್ನ ಎರಡು ಸಲ ಓದಿ, ಸೀರೆಯ ಚೀಟಿಯಲ್ಲಿ ಇಳಕಲ್ ಅಂತ ಬರೆಯೋ ಮುಂಚೆ ಅದು ನಿಜವಾದ ಇಳಕಲ್ ಹೌದೋ ಅಲ್ಲೋ ಸೆರಗು ನೋಡಿ ಹೇಳ್ತೀನಿ ಅಂದರು.