ಕಾರವಾರದ ಮಳೆಯಲ್ಲಿ ನಾಟಕದ ಹಳೇ ಎನ್‌ಗ್ರೇವಿಂಗ್

ನಾಟಕದ ದೃಶ್ಯಗಳ ಹಳೇ ಎನ್‌ಗ್ರೇವಿಂಗ್ (ಲೋಹದ ತಗಡಿನ ಮೇಲೋ ಮರದ ಮೇಲೋ ಕೆತ್ತಿ ಕಾಗದಕ್ಕೆ ಅಚ್ಚು ಒತ್ತಿದ ಚಿತ್ರ) ಕೂಡಿಡುವ ಆಸೆ ಇದ್ದರೆ ಮೊದಲು ಒಂದೇ ಒಂದು ನಾಟಕ ಆರಿಸಿಕೊಳ್ಳಿ. ನಾನು ಹಿಡಿದದ್ದು ಷೇಕ್ಸ್‌ಪಿಯರ್‌ನ ‘ಮೂರನೇ ರಿಚರ್ಡ್’. ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಪಾಠ ಹೇಳಿದ ನಾಟಕ. ಹಾಗಾಗಿ ಚಿತ್ರ ಕಂಡ ಕೂಡಲೇ ಇದು ಯಾವ ಅಂಕ, ಯಾವ ಮಾತಿನ ಹೊತ್ತು ಅಂತ ಗೊತ್ತಾಗುತ್ತದೆ.

ಇಂಗ್ಲಿಷ್ ಚಿತ್ರಕಾರ ಹೊಗಾರ್ತ್ 1746ರಲ್ಲಿ ಹೊರತಂದ ಎನ್‌ಗ್ರೇವಿಂಗ್ ನೋಡಿ. ನಟ ಡೇವಿಡ್ ಗ್ಯಾರಿಕ್ ರಾಜ ರಿಚರ್ಡ್‌ನ ವೇಷದಲ್ಲಿದ್ದಾನೆ. ಯುದ್ಧದ ಹಿಂದಿನ ರಾತ್ರಿ, ಡೇರೆಯೊಳಗೆ, ತಾನು ಕೊಲ್ಲಿಸಿದವರನ್ನೆಲ್ಲ ಕನಸಲ್ಲಿ ಕಂಡು ದಿಗ್ಗನೆ ಎದ್ದಿದ್ದಾನೆ. ಒಂದು ಕೈ ಬೆರಳು ಅಗಲಿಸಿಕೊಂಡು ಮುಂದೆ ಚಾಚಿದೆ, ಇನ್ನೊಂದು ಕತ್ತಿಯ ಮೇಲಿದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ನಮಗೆ ಆ ಕೈಯ ಭಾಷೆ ಯಾರೂ ಹೇಳಿಕೊಡಬೇಕಿಲ್ಲ.

ಕೊಳ್ಳುವಾಗ ಚಿತ್ರಕ್ಕಿಂತ ಮೊದಲು ಅಂಚು ನೋಡಿ. ಕೆಳಗೆ ಸಣ್ಣ ಅಕ್ಷರದ ಸಾಲು ಇರುತ್ತದೆ. ಸಾಮಾನ್ಯವಾಗಿ ಎಡಗಡೆ ‘ಪಿಂಕ್ಸಿಟ್’ ಅಂತ ಇರುವ ಹೆಸರು ಮೂಲ ಚಿತ್ರ ಬರೆದವನದು, ಬಲಗಡೆ ‘ಸ್ಕಲ್ಪ್‌ಸಿಟ್’ ಅಂತ ಇರುವುದು ತಗಡು ಕೆತ್ತಿದವನದು. ಪ್ರಕಾಶಕನ ಹೆಸರು, ತಾರೀಖೂ ಸಿಗುತ್ತವೆ. ಬ್ರಿಟನ್ನಿನ 1735ರ ಕಾನೂನು ಅದನ್ನು ಕೇಳುತ್ತಿತ್ತು. ಆದರೆ ಆ ತಾರೀಖು ತಗಡಿನದು, ನಿಮ್ಮ ಕೈಲಿರುವ ಕಾಗದದ್ದಲ್ಲ. ಲಂಡನ್ನಿನ ಪ್ರಕಾಶಕ ಬಾಯ್ಡೆಲ್ 1789ರಲ್ಲಿ ಷೇಕ್ಸ್‌ಪಿಯರ್ ಗ್ಯಾಲರಿ ತೆರೆದು, ಅಲ್ಲಿನ ಚಿತ್ರಗಳನ್ನು ತಾಮ್ರದ ಮೇಲೆ ಕೆತ್ತಿಸಿ ಮಾರಿದ. ಅವೇ ತಗಡುಗಳನ್ನು ಮುಂದಿನ ಶತಮಾನದಲ್ಲಿ ಅಮೆರಿಕದಲ್ಲಿ ತಿದ್ದಿ ಮತ್ತೆ ಅಚ್ಚು ಹಾಕಿದರು. ತಾಮ್ರ ಮೆತ್ತಗಿನ ಲೋಹ, ಒತ್ತಿದಷ್ಟೂ ಸವೆಯುತ್ತದೆ. ಅದಕ್ಕೇ ನೆರಳಿನ ಜಾಗ ನೋಡಬೇಕು. ಒಳ್ಳೆಯ ಪ್ರತಿಯಲ್ಲಿ ಕಪ್ಪು ಗಾಢವಾಗಿರುತ್ತದೆ, ಸವೆದ ತಗಡಿನದು ಬೂದಿ ಬೂದಿ.

ಅಂಚಿನ ಸುತ್ತ ಬೆರಳು ಆಡಿಸಿ. ತಗಡು ಒತ್ತಿದ ತಗ್ಗು ತಾಗಬೇಕು. ಪುಸ್ತಕಕ್ಕೆಂದು ಕತ್ತರಿಸಿದ ಹಾಳೆಯಲ್ಲಿ ಅದು ಹೋಗಿರಬಹುದು, ಮರದ ಅಚ್ಚಿನಲ್ಲಿ ಇರುವುದೇ ಇಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಒಂದು ಇಟ್ಟುಕೊಳ್ಳಿ. ಸಾಲು ಹಿಡಿದು ಕೂತ ಒಂದೇ ಅಳತೆಯ ಚುಕ್ಕಿ ಕಂಡರೆ ಅದು ಈಗಿನ ಪ್ರಿಂಟು. ಚುಕ್ಕಿ ಇದೆ ಅಂತ ಸುಮ್ನೆ ಬಿಟ್ಟುಬಿಡಬೇಡಿ! ಬಾಯ್ಡೆಲ್ ಕಾಲದವರು ಚುಕ್ಕಿ ಹಾಕಿಯೂ ಕೆತ್ತುತ್ತಿದ್ದರು. ಆ ಚುಕ್ಕಿಗಳು ಒಂದರ ಹಾಗೆ ಒಂದಿಲ್ಲ.

ದುಡ್ಡು ಜಾಸ್ತಿ ಇಲ್ಲದಿದ್ದರೆ 1842ರಲ್ಲಿ ಶುರುವಾದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಾರಪತ್ರಿಕೆಯ ಬಿಡಿ ಹಾಳೆಗಳಿಂದ ಶುರು ಮಾಡಿ. ಅದರಲ್ಲೂ ರಂಗದ ದೃಶ್ಯಗಳಿವೆ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಹಿಂಬದಿಯ ಫೋಟೋ, ಓರೆ ಬೆಳಕಲ್ಲಿ ತೆಗೆದ ಫೋಟೋ ಎರಡನ್ನೂ ಕೇಳಿ. ನೂರು ವರ್ಷ ದಾಟಿದ ಕಲಾವಸ್ತುವನ್ನು ದೇಶದ ಹೊರಗೆ ಕಳಿಸಲು ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆಯ ಅಡ್ಡಿ ಇದೆ. ವಿದೇಶದಿಂದ ತರಿಸಿದ್ದನ್ನು ವಾಪಸ್ ಮಾಡುವುದು ತೊಡಕಾಗಬಹುದು.

ಇನ್ನು ಕಾಪಾಡುವುದು. ನಮ್ಮೂರಲ್ಲಿ ಕೊಳ್ಳುವುದಕ್ಕಿಂತ ಇದೇ ದೊಡ್ಡ ಕೆಲಸ. ಕಾಜುಬಾಗದ ನಮ್ಮ ಮನೆಯಲ್ಲಿ ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು. ಸಮುದ್ರದ ಕಡೆಯ ಗೋಡೆಗೆ ಚಿತ್ರ ತೂಗುಹಾಕಲೇಬೇಡಿ, ಒಳಗೋಡೆಗೆ ಹಾಕಿ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಸಿಡ್ ಇಲ್ಲದ ರಟ್ಟು ಇರಲಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಸೆಲೋಟೇಪು, ಲ್ಯಾಮಿನೇಶನ್ ಬೇಡವೇ ಬೇಡ. ಫ್ರೇಮ್ ಅಂಗಡಿಯವರು ಅಳತೆಗೆ ಕೂರಲಿ ಅಂತ ಅಂಚು ಕತ್ತರಿಸಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ಆ ಸಣ್ಣ ಅಕ್ಷರದ ಸಾಲು ಹೋದರೆ ಚಿತ್ರದ ಜಾತಕವೇ ಹೋದಂತೆ. ಫ್ರೇಮ್ ಹಾಕದವನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್‌ನ ಬಣ್ಣ ತಿರುಗಿದಾಗ ಬದಲಿಸಿ. ವಾರಕ್ಕೊಮ್ಮೆಯಾದರೂ ತೆರೆದು ನೋಡಿ.

ಕಂದು ಚುಕ್ಕೆ ಬಿದ್ದಿದ್ದರೆ ಬ್ಲೀಚ್ ಹಾಕಬೇಡಿ, ಹಾಗೇ ಇರಲಿ. ಬೂಷ್ಟು ಕಂಡರೆ ಒರೆಸಬೇಡಿ, ಒರೆಸಿದರೆ ಕಾಗದದ ಒಳಗೇ ಇಳಿಯುತ್ತದೆ. ಬಿಸಿಲಿಗೂ ಹಾಕಬೇಡಿ. ಬೇರೆ ಚಿತ್ರಗಳಿಂದ ದೂರ, ಒಣ ಕೋಣೆಯಲ್ಲಿಟ್ಟು ಪೂರ್ತಿ ಆರಲು ಬಿಡಿ. ಆಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್ಷಿನಿಂದ ಹಗುರಾಗಿ ಝಾಡಿಸಿ.